ನೂರಾ ಎಂಬತ್ತೇಳನೆಯ ಪುಟ

ನೂರಾ ಎಂಬತ್ತೇಳನೆಯ ಪುಟದಲ್ಲಿ, ಕೆಳಗಿನಿಂದ ಆರನೆಯ ಸಾಲಿನಲ್ಲಿ, ತಾವು ನಿದ್ದೆ ಹೋಗಿರುವ ವಿಷಯವನ್ನು ವೈಜನಾಥ ಮಾಸ್ತರರು ಇಪ್ಪತ್ತೆರಡು ದಿನಗಳಿಂದ ಮರೆಯಲು ನೋಡುತ್ತಿದ್ದರು. ಬಸವಕಲ್ಯಾಣದ ತಮ್ಮ ಮನೆಯ ಅಂಗಳದಲ್ಲಿ, ಮೊಳೆಗೆ ನೇತುಹಾಕಿದ ಕನ್ನಡಿಯ ಮುಂದೆ ಸ್ಟೂಲಿನ ಮೇಲೆ ಕೂತು ದಾಡಿ ಮಾಡಿಕೊಳ್ಳುತ್ತಿದ್ದಾಗಲೂ, ಅರ್ಧ ಮುಖ ನೊರೆ, ಅರ್ಧ ಮುಖ ಬೋಳಾಗಿದ್ದ ಆ ಹೊತ್ತಿನಲ್ಲೂ, ಆ ಸಾಲು ತಾನಾಗಿಯೇ ಬಂದು ಕಿವಿಯಲ್ಲಿ ಓದಿಕೊಂಡಿತು: ‘ಆ ಮಧ್ಯಾಹ್ನ ಕರೀಮಾಬಾಯಿ ಹಾಡಿದ ಮುಲ್ತಾನಿ ರಾಗ ನನ್ನನ್ನು ಕೊಂದು ಮತ್ತೆ ಹುಟ್ಟಿಸಿತು. ನನ್ನ ಜೊತೆಗಿದ್ದ ಮಾಸ್ತರರೊಬ್ಬರು, ಪಾಪ, ಹೋಳಿಗೆಯ ಊಟದ ಭಾರಕ್ಕೆ ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದರು.’ ಹೋಳಿಗೆಯ ಭಾರವನ್ನು ಸಹಿಸಬಹುದಿತ್ತು. ಹೆಸರು ಹಾಕದೆ ‘ಮಾಸ್ತರರೊಬ್ಬರು’ ಎಂದು ಬರೆದದ್ದನ್ನೂ ಹಲ್ಲು ಕಚ್ಚಿ ಸಹಿಸಬಹುದಿತ್ತು. ಆದರೆ ಎರಡು ಅಲ್ಪವಿರಾಮಗಳ ನಡುವೆ ಕಾಲು ಮಡಿಚಿಕೊಂಡು ಕೂತಿರುವ ಆ ‘ಪಾಪ’! ಮೂವತ್ತೈದು ವರ್ಷ ಗಣಿತ ಕಲಿಸಿ ನಿವೃತ್ತರಾದ ಅವರನ್ನು ಹುಡುಗರು ಏನೇನೋ ಅಂದಿದ್ದರು, ಆದರೆ ಪಾಪ ಅಂದಿರಲಿಲ್ಲ. ಅಂದಿದ್ದರೂ ಅಚ್ಚು ಹಾಕಿಸಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅವತ್ತು ನಿದ್ದೆ ಹೋದವರು ಅವರಲ್ಲ. ನಿದ್ದೆ ಹೋದವನು ಈ ಪುಸ್ತಕ ಬರೆದ ತುಳಜಾರಾಮ.

“ಏನ್ರಿ, ಸಾಬೂನು ಒಣಗಾಕತ್ತದ,” ಎಂದಳು ಹೆಂಡತಿ ಶಕುಂತಲಾಬಾಯಿ, ಹೊಸ್ತಿಲಲ್ಲಿ ನಿಂತು. “ಮತ್ತ ಅದಽ ಪುಟ ಓದಾಕತ್ತೀರೇನು?”

“ಪುಸ್ತಕ ಒಳಗದ. ನಾ ಇಲ್ಲಿದ್ದೀನಿ.”

“ಇದ್ರೇನಾತು, ತುಟಿ ಅಳ್ಳಾಡಾಕತ್ತಾವ.”

“ಇವತ್ತ ಭಾಷಣದಾಗ ಹೇಳಿಬಿಡ್ತೀನಿ. ನಾಲ್ಕು ಮಂದಿ ಎದುರಿಗಿ ಹೇಳಿಬಿಡ್ತೀನಿ.”

“ಹೇಳ್ರಿ, ಮೊದಲು ಹೇಳ್ರಿ. ಇಪ್ಪತ್ತು ದಿನದಿಂದ ನನ್ನ ಎದುರಿಗಿ ಹೇಳಾಕತ್ತೀರಿ. ಆ ಪುಸ್ತಕ ನಾ ಏನು ಬರ್ದಿಲ್ಲ.”

ಅವರು ರೇಜರು ಎಳೆದರು. ಗದ್ದದ ಕೆಳಗೆ ರಕ್ತ ಬಂತು. ಇದನ್ನೂ ತುಳಜಾರಾಮನ ಲೆಕ್ಕಕ್ಕೇ ಸೇರಿಸಿದರು.

ಪುಸ್ತಕದ ಹೆಸರು ‘ನಾನೆಂಬ ತಂಬೂರಿ’. ನಾನೂರ ಹನ್ನೆರಡು ಪುಟ. ಹುಮನಾಬಾದಿನ ಸಂಗೀತ ವಿಮರ್ಶಕ ತುಳಜಾರಾಮ ಬರೆದ ಆತ್ಮಕಥೆ. ಅದು ಟಪಾಲಿನಲ್ಲಿ ಬಂದ ದಿನ ಮಾಸ್ತರರು ಪ್ರೀತಿಯಿಂದಲೇ ಬಿಚ್ಚಿದ್ದರು, ಎಷ್ಟೆಂದರೂ ಇಬ್ಬರೂ ಒಂದೇ ಬೆಂಚಿನ ಮೇಲೆ ಉರ್ದು ಅಕ್ಷರ ತಿದ್ದಿದವರು. ಮೊದಲ ಪುಟದಲ್ಲಿ ತುಳಜಾರಾಮ ಹುಟ್ಟುತ್ತಾನೆ, ಹುಟ್ಟಿದ ಕೂಡಲೇ ಅಳುತ್ತಾನೆ, ಆ ಅಳು ಪಂಚಮದಲ್ಲಿತ್ತೆಂದು ಸೂಲಗಿತ್ತಿ ಹೇಳುತ್ತಾಳೆ. ಚಿಟಗುಪ್ಪದ ಸೂಲಗಿತ್ತಿಗೆ ಪಂಚಮ ಹೇಗೆ ಗೊತ್ತಾಯಿತು ಎಂದು ಮಾಸ್ತರರು ಅಂಚಿನಲ್ಲಿ ಪೆನ್ಸಿಲಿನಿಂದ ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಆಮೇಲೆ ಪೆನ್ಸಿಲು ಮೂರು ಸಲ ಕೆತ್ತಬೇಕಾಯಿತು. ಒಂಬತ್ತನೆಯ ವಯಸ್ಸಿನ ಕಿವಿನೋವಿಗೆ ಹನ್ನೊಂದು ಪುಟ. ನಿಜಾಮರ ರಾಜ್ಯ ಬಿದ್ದು, ಊರೂರೇ ಅಲ್ಲೋಲಕಲ್ಲೋಲವಾದ ವರ್ಷಕ್ಕೆ ಒಂದೇ ವಾಕ್ಯ: ‘ಆ ವರ್ಷ ಗಲಾಟೆಗಳಿದ್ದುದರಿಂದ ನನ್ನ ಹಾರ್ಮೋನಿಯಂ ರಿಪೇರಿಯಾಗಲಿಲ್ಲ.’ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು ಅವನ ಅಂಕಣ ಓದಲು ಕನ್ನಡದ ಓದುಗರಿಗೆ ಅನುಕೂಲವಾಗಲೆಂದು. ನಲವತ್ತು ವರ್ಷ ಅವನ ಹೊಟ್ಟೆ ನೋಡಿಕೊಂಡ ಹೆಂಡತಿ ಸುಮನಬಾಯಿಗೆ ಎರಡು ಸಾಲು, ಅದರಲ್ಲಿ ಒಂದು ಸಾಲು ಅವಳು ಮಾಡುವ ಉಪ್ಪಿಟ್ಟಿಗೆ. ಇಷ್ಟೆಲ್ಲ ಓದಿ ಮಾಸ್ತರರು ನಕ್ಕಿದ್ದರು. ಹೆಂಡತಿಯನ್ನು ಕರೆದು ಗಟ್ಟಿಯಾಗಿ ಓದಿ ಹೇಳಿದ್ದರು. ನೂರಾ ಎಂಬತ್ತಾರನೆಯ ಪುಟದವರೆಗೆ ಅದು ಬಹಳ ತಮಾಷೆಯ ಪುಸ್ತಕವಾಗಿತ್ತು.

ತೊಂದರೆ ಏನೆಂದರೆ, ನೂರಾ ಎಂಬತ್ತೇಳನೆಯ ಪುಟ ಆ ಇಡೀ ಪುಸ್ತಕದಲ್ಲೇ ಅತ್ಯಂತ ಒಳ್ಳೆಯ ಪುಟವೂ ಆಗಿತ್ತು. ಇದನ್ನು ಅವರು ಹೆಂಡತಿಗೂ ಹೇಳಿರಲಿಲ್ಲ. ‘ಆಕೆ ರಿಷಭದ ಹತ್ತಿರ ಹೋಗಲಿಲ್ಲ; ಬಾಗಿಲು ತೆರೆದಿಟ್ಟು, ಅದು ತಾನಾಗಿ ಮನೆಗೆ ಬರಲಿ ಎಂದು ಕೂತಳು. ಬಂದಾಗ ಬಿಸಿಲು ಇಳಿದಿತ್ತು. ಬಂದದ್ದು ಸ್ವರವೋ ಸಂಜೆಯೋ ನಮಗೆ ತಿಳಿಯಲಿಲ್ಲ.’ ಕೋಪದಿಂದ ಪುಟ ತೆರೆದವರು ಈ ಸಾಲಿಗೆ ಬಂದಾಗಲೆಲ್ಲ ಕೋಪ ಎಲ್ಲಿಟ್ಟೆವೆಂದು ಹುಡುಕಬೇಕಾಗುತ್ತಿತ್ತು. ಮತ್ತೆ ಹುಡುಕಿ ತಂದು, ಕೆಳಗಿನಿಂದ ಆರನೆಯ ಸಾಲಿಗೆ ಇಳಿದು, ‘ಪಾಪ’ ಎಂಬಲ್ಲಿ ಅದಕ್ಕೆ ಎಣ್ಣೆ ಹಾಕುತ್ತಿದ್ದರು. ಬಾಗಿಲು ತೆರೆದಿಟ್ಟು ಕೂತಳು. ಇದನ್ನು ಹೇಳಿದವರು ತಾವೇ. ಸಾವಿರದ ಒಂಬೈನೂರ ಐವತ್ತೆಂಟರಲ್ಲಿ, ಮಾಣಿಕನಗರದಿಂದ ಹುಮನಾಬಾದಿನ ಬಸ್‌ಸ್ಟ್ಯಾಂಡಿಗೆ ನಡೆಯುತ್ತ, ಬಾಯಾರೆ ಹೇಳಿದ್ದರು. ಆದರೆ ಹೀಗೆಯೇ ಹೇಳಿದ್ದರೇ? ‘ಬಾಗಲ ತೆಗೆದು ಕೂತ್ಹಾಂಗ ಕೂತ್ಳು ನೋಡೋ’ ಅಂದಿರಬಹುದು. ಸಂಜೆಯ ಮಾತು ತಮ್ಮದೇ, ಇಲ್ಲ ಅವನದೇ? ಗಣಿತದಲ್ಲಾದರೆ ಯಾರ ಪಾಲು ಎಷ್ಟೆಂದು ಬೇರ್ಪಡಿಸಬಹುದಿತ್ತು.

ಆ ಮಧ್ಯಾಹ್ನ ಊಟವಾದ ಮೇಲೆ ಜಮಖಾನೆಯ ಮೇಲೆ ಜನ ಒತ್ತೊತ್ತಾಗಿ ಕೂತಿದ್ದರು. ಉದಗೀರದ ಕಡೆಯ ಗಾಯಕಿ ಕರೀಮಾಬಾಯಿ, ಹಸಿರು ಸೀರೆ, ಮೂಗಿನಲ್ಲಿ ದೊಡ್ಡ ನತ್ತು, ತಂಬೂರಿಯ ತಂತಿ ಬಿಗಿಯುತ್ತ ಬಿಗಿಯುತ್ತಲೇ ಅರ್ಧ ಗಂಟೆ ಕಳೆದಳು. ತುಳಜಾರಾಮ ನಾಲ್ಕು ಹೋಳಿಗೆ ತಿಂದಿದ್ದ, ಮೇಲೆ ತುಪ್ಪ. ಆಕೆ ಷಡ್ಜ ಹಿಡಿದದ್ದೇ ಅವನ ತಲೆ ಮಾಸ್ತರರ ಬಲ ಹೆಗಲಿಗೆ ಬಂತು. ಆಗಿನ್ನೂ ಅವನು ವಿಮರ್ಶಕನಾಗಿರಲಿಲ್ಲ. ಪತ್ರಿಕೆಗೆ ಒಂದೇ ಒಂದು ಲೇಖನ ಕಳಿಸಬೇಕೆಂದಿದ್ದ ತಾಲೂಕು ಕಚೇರಿಯ ಗುಮಾಸ್ತ. ಎಬ್ಬಿಸಬೇಕು ಎಂದು ಮಾಸ್ತರರಿಗೆ ಅನಿಸಿತ್ತು. ಆದರೆ ಅಷ್ಟರಲ್ಲಿ ಹಾಡು ಎಲ್ಲಿಗೋ ಕೈ ಹಿಡಿದು ಕರೆದುಕೊಂಡು ಹೋಯಿತು, ಎಬ್ಬಿಸಲು ಕೈ ಇರಲಿಲ್ಲ. ಮುಂದೆ ಸಂಜೆ ರಸ್ತೆಯಲ್ಲಿ ಅವನು ಕಣ್ಣುಜ್ಜಿಕೊಳ್ಳುತ್ತ, “ಹ್ಯಾಂಗಿತ್ತು ಹೇಳೋ ವೈಜ್ಯಾ, ಜರಾ ಬಿಡಿಸಿ ಹೇಳು,” ಅಂದಾಗ ಇವರಿಗೆ ಸಿಟ್ಟು ಬಂದಿರಲಿಲ್ಲ. ಖುಷಿಯಾಗಿತ್ತು. ಕೇಳುವವನೊಬ್ಬ ಸಿಕ್ಕ ಎಂಬ ಖುಷಿ. ಅವನು ನಡೆಯುತ್ತಲೇ ಬೀಡಿಯ ಕಾಗದದ ಹಿಂದೆ ಬರೆದುಕೊಂಡ. ಲೇಖನ ಬಂತು. ಅದನ್ನು ಓದಿ ಕಲಬುರ್ಗಿಯಿಂದ, ಹುಬ್ಬಳ್ಳಿಯಿಂದ ಕಾಗದಗಳು ಬಂದವು. ಮಾಸ್ತರರು ಆ ಪತ್ರಿಕೆಯ ತುಂಡನ್ನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದ್ದರು, “ನಮ್ಮ ತುಳಜ್ಯಾ ಬರ್ದಾನ,” ಎಂದು. ತಾವೇ ಬರೆಯಬಹುದಿತ್ತಲ್ಲ ಎಂದು ಅವತ್ತು ಯಾಕೆ ಹೊಳೆಯಲಿಲ್ಲ? ಹೊಳೆದಿತ್ತು. ತಪ್ಪಾದರೆ ಯಾರಾದರೂ ನಕ್ಕಾರು ಎಂಬ ಹೆದರಿಕೆ ಅದಕ್ಕಿಂತ ಮೊದಲೇ ಹೊಳೆದಿತ್ತು. ತುಳಜಾರಾಮನಿಗೆ ಆ ಹೆದರಿಕೆ ಇರಲಿಲ್ಲ, ಯಾಕೆಂದರೆ ತಪ್ಪು ಮಾಡುವಷ್ಟೂ ಅವನು ಕೇಳಿರಲಿಲ್ಲ.

ಹುಮನಾಬಾದಿನ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ತೊಡೆಯ ಮೇಲೆ ಪುಸ್ತಕ, ಕೋಟಿನ ಒಳಜೇಬಿನಲ್ಲಿ ನಾಲ್ಕು ಹಾಳೆಯ ಭಾಷಣ. ಪುಸ್ತಕ ಬಿಡುಗಡೆಯ ಆಮಂತ್ರಣ ಪತ್ರಿಕೆಯಲ್ಲಿ ‘ಗ್ರಂಥ ಪರಿಚಯ: ಶ್ರೀ ವೈಜನಾಥ ಮಾಸ್ತರ, ಬಸವಕಲ್ಯಾಣ’ ಎಂದು ಅಚ್ಚಾಗಿತ್ತು. ಪುಸ್ತಕದಲ್ಲಿ ಸಿಗದ ಹೆಸರು ಪತ್ರಿಕೆಯಲ್ಲಿ ಸಿಕ್ಕಿತ್ತು. ಪಕ್ಕದಲ್ಲಿ ಕೂತವನು ಕೊಹಿನೂರದ ಒಕ್ಕಲಿಗ, ಮಡೆಪ್ಪ ಎಂದು ತಾನಾಗಿಯೇ ಹೇಳಿಕೊಂಡ. ತೊಗರಿಯ ಬಗ್ಗೆ ಒಂದಿಷ್ಟು ಹೇಳಿ, ಮಾಸ್ತರರು ಬರೀ ಹೂಂಗುಟ್ಟಿದ್ದರಿಂದ ಬೇಜಾರಾಗಿ, ಪುಸ್ತಕದ ಮುಖಪುಟವನ್ನೇ ನೋಡತೊಡಗಿದ. ಅದರ ತುಂಬ ತುಳಜಾರಾಮನ ಫೋಟೋ. ಬಲಗಿವಿ ಕ್ಯಾಮೆರಾದ ಕಡೆ ತಿರುಗಿತ್ತು.

“ಇವರು ಯಾರ್ರಿ? ಎಲೆಕ್ಷನ್ನಿಗಿ ನಿಂತಾರೇನು?”

“ಅಲ್ಲ. ಸಂಗೀತದ ಬಗ್ಗೆ ಬರೀತಾರ.”

“ಹಾಡ್ತಾರಾ?”

“ಹಾಡೂದಿಲ್ಲ. ಮಂದಿ ಹಾಡಿದ್ದು ಕೇಳಿ ಬರೀತಾರ.”

ಮಡೆಪ್ಪ ಇದನ್ನು ಸಸ್ತಾಪುರ ಬಂಗಲಾದವರೆಗೂ ಯೋಚಿಸಿದ. ಆಮೇಲೆ, “ಬರೀ ಕೇಳಿದ್ದಕ್ಕ ಇಷ್ಟು ದಪ್ಪ ಆತೇನ್ರಿ?” ಅಂದ.

ಮಾಸ್ತರರಿಗೆ ಅವನನ್ನು ತಬ್ಬಿಕೊಳ್ಳಬೇಕೆನಿಸಿತು. ಮರುಕ್ಷಣವೇ, ಯಾಕೆಂದು ಗೊತ್ತಿಲ್ಲ, ಸಿಟ್ಟು ಬಂತು. “ಅದರಾಗ ಛಲೋ ಪುಟನೂ ಅವ,” ಎಂದರು ಬಿರುಸಾಗಿ. ತಮ್ಮ ದನಿ ಕೇಳಿ ತಮಗೇ ಆಶ್ಚರ್ಯವಾಯಿತು. ಇಪ್ಪತ್ತೆರಡು ದಿನ ಯಾರ ಜೊತೆ ಮನಸ್ಸಿನಲ್ಲೇ ಜಗಳವಾಡಿದೆವೋ ಅವನ ವಕಾಲತ್ತು ತಾವೇ ವಹಿಸುತ್ತಿದ್ದೇವಲ್ಲ! ಕಿಟಕಿಯಿಂದ ಬಿಸಿ ಗಾಳಿ ಬಂತು, ಕಣ್ಣು ಎಳೆಯಿತು. ಆಗ ಒಂದು ಚಿತ್ರ ಬಂತು: ಜಮಖಾನೆಯ ಮೇಲೆ ತಾವು ಬಾಯಿ ತೆರೆದು ತುಳಜಾರಾಮನ ಹೆಗಲಿಗೆ ಒರಗಿ ಮಲಗಿರುವುದು, ಹೋಳಿಗೆಯ ಚೂರು ಮೀಸೆಯ ಮೇಲಿರುವುದು, ತುಳಜಾರಾಮ ಕಣ್ಣಲ್ಲಿ ನೀರು ತುಂಬಿಕೊಂಡು ಕೇಳುತ್ತಿರುವುದು. ಅಷ್ಟು ಸ್ಪಷ್ಟವಾಗಿತ್ತೆಂದರೆ ಮಾಸ್ತರರು ಬೆಚ್ಚಿ ಎದ್ದು ಕೂತರು. ಅಚ್ಚಾದ ಮಾತನ್ನು ನೂರು ಸಲ ಓದಿದರೆ ಹೀಗೆಯೇ ಆಗುತ್ತದೆಯೇ? ಅಥವಾ, ಯಾರು ಬಲ್ಲರು, ನಿಜವಾಗಿ ಮಲಗಿದವರು... ಛೇ. ಹೆಗಲು ಅವರದೇ. ಆ ಭಾರ ಅವರಿಗೆ ಗೊತ್ತು. ಬಲ ಹೆಗಲನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಮಡೆಪ್ಪ, “ಸಂಧಿವಾತ ಏನ್ರಿ?” ಎಂದು ಕೇಳಿದ.

ಸಭೆ ಇದ್ದದ್ದು ಬಕ್ಕಪ್ಪ ಸಾವಕಾರರ ಅರಿವೆ ಅಂಗಡಿಯ ಮಾಳಿಗೆಯ ಮೇಲೆ. ಬಕ್ಕಪ್ಪನವರು ಊರಿನ ಸಂಗೀತ ಸಭೆಯ ಅಧ್ಯಕ್ಷರು, ಗೋಡೆಯ ಪಕ್ಕ ಮಂಜರಪಾಟು ಬಟ್ಟೆಯ ಗಂಟುಗಳು ಇನ್ನೂ ಹಾಗೆಯೇ ಇದ್ದವು, ತಡವಾಗಿ ಬಂದವರು ಅದರ ಮೇಲೆಯೇ ಕೂತರು. “ಬರ್ರಿ ಮಾಸ್ತರ, ಬರ್ರಿ. ಪುಸ್ತಕದ ಬಗ್ಗೆ ನೀವಽ ಬರೋಬರಿ ಹೇಳಬೇಕು. ನಾ ಓದೀನಿ ಅಂತ ಹೇಳಂಗಿಲ್ಲ, ಭಾಳ ದಪ್ಪ ಅದ,” ಎಂದು ಅವರು ಕಿವಿಯಲ್ಲಿ ಹೇಳಿದರು. ತುಳಜಾರಾಮ ರೇಷ್ಮೆ ರುಮಾಲು ಸುತ್ತಿಕೊಂಡು ಬಾಗಿಲಲ್ಲೇ ನಿಂತಿದ್ದ. ಮೂರು ವರ್ಷದಿಂದ ಭೇಟಿಯಾಗಿರಲಿಲ್ಲ, ಸ್ವಲ್ಪ ಸೊರಗಿದ್ದ. ಎರಡೂ ಕೈ ಚಾಚಿ ತಬ್ಬಿಕೊಂಡ. ಮಾಸ್ತರರು ಅಪ್ಪುಗೆಯೊಳಗಿಂದಲೇ, ಬಸ್ಸಿನಲ್ಲಿ ಬಾಯಿಪಾಠ ಮಾಡಿದ ಹಾಗೆ, “ತುಳಜ್ಯಾ, ನೂರಾ ಎಂಬತ್ತೇಳನೇ ಪುಟದ ಬಗ್ಗೆ ನಿನ್ನ ಕೂಡ ಮಾತಾಡೂದದ,” ಎಂದರು.

“ಹೌದ್ಹೌದು,” ಎಂದ ತುಳಜಾರಾಮ ಸಂತೋಷದಿಂದ, “ಮುಖಪುಟ ಭಾಳ ಛಲೋ ಬಂದದ.”

“ಮುಖಪುಟ ಅಲ್ಲೋ. ಮುಲ್ತಾನಿ, ಮುಲ್ತಾನಿ!”

“ಊಟ ಆಮ್ಯಾಲ ಮನ್ಯಾಗ. ಸುಮನ ಎಲ್ಲ ಮಾಡ್ಯಾಳ.”

ಹೇಳಿ ಅವನು ಮತ್ತೊಬ್ಬರನ್ನು ತಬ್ಬಿಕೊಳ್ಳಲು ಹೋದ. ಎಷ್ಟು ನಾಜೂಕಾಗಿ ತಪ್ಪಿಸಿಕೊಂಡ ಎಂದು ಮಾಸ್ತರರ ಮೈ ಉರಿಯಿತು. ಹುಟ್ಟಿದಾಗಿನಿಂದ ಇವನು ಇನ್ನೊಬ್ಬರ ಮಾತು ಕೇಳಿದವನಲ್ಲ.

ವೇದಿಕೆಯ ಒಂದು ಮೂಲೆಯಲ್ಲಿ, ಸನ್ಮಾನಕ್ಕೆಂದು ಕರೆಸಿದ್ದ ಕರೀಮಾಬಾಯಿ ಕೂತಿದ್ದಳು. ಎಪ್ಪತ್ತರ ಮೇಲಾಗಿತ್ತು ಆಕೆಗೆ. ಕಣ್ಣಿನಲ್ಲಿ ಪೊರೆ ಬಂದು ಬೂದಿಯ ಬಣ್ಣವಾಗಿತ್ತು, ನತ್ತಿನ ಜಾಗದಲ್ಲಿ ಬರೀ ತೂತು. ಆ ಮಧ್ಯಾಹ್ನಕ್ಕೆ ಮಾಸ್ತರರಿಗೆ ಗೊತ್ತಿದ್ದ ಮೂರನೆಯ ಸಾಕ್ಷಿ. ಆಕೆ ಎದುರಿಗೇ ಕೂತು ಹಾಡಿದವಳು, ಇಬ್ಬರಲ್ಲಿ ಯಾರ ಬಾಯಿ ತೆರೆದಿತ್ತೆಂದು ನೋಡಿರಲೇಬೇಕು. ಅವರು ಹತ್ತಿರ ಹೋಗಿ ಕುಕ್ಕರಗಾಲಿನಲ್ಲಿ ಕೂತು ಕೈ ಮುಗಿದರು.

“ಬಾಯಿ, ಐವತ್ತೆಂಟನೇ ಇಸ್ವಿ. ಮಾಣಿಕನಗರದಾಗ ಹಾಡಿದ್ರಿ, ಮಧ್ಯಾಹ್ನ. ಮುಲ್ತಾನಿ. ನೆನಪದೇನ್ರಿ?”

ಕರೀಮಾಬಾಯಿ ಮುಖ ಮೇಲೆತ್ತಿದಳು. ನೆನಪು ಬರುತ್ತಿರುವುದು ಆ ಮುಖದಲ್ಲಿ ಕಾಣುತ್ತಿತ್ತು, ಮಾಸ್ತರರು ಇನ್ನಷ್ಟು ಹತ್ತಿರ ಸರಿದರು.

“ಮಾಣಿಕನಗರ,” ಎಂದಳು ಆಕೆ. “ಅರೇ, ಹೌದಲ್ಲ! ಹೋಳಿಗಿ ಮಾಡಿದ್ರು.”

“ಹೋಳಿಗಿ ಖರೆ. ಅದರ ನಂತರ, ಬಾಯಿ?”

“ಎರಡು ಕಟ್ಟಿ ಕೊಟ್ಟಿದ್ರು, ದಾರ್‍ಯಾಗ ತಿಂದೆ. ಅಂಥಾ ಹೋಳಿಗಿ ಮತ್ತ ಸಿಗಲಿಲ್ಲ ನೋಡ್ರಿ.”

“ಮತ್ತ ಹಾಡಿದ್ದು?”

“ಹಾಡಿರಬೇಕು,” ಎಂದಳು ಕರೀಮಾಬಾಯಿ ದಯೆಯಿಂದ. “ಕರೆದಲ್ಲೆಲ್ಲ ಹಾಡೇನಿ.”

ಮಾಸ್ತರರು ಎದ್ದಾಗ ಮೊಣಕಾಲು ಲಟಕ್ಕೆಂದಿತು. ಇಪ್ಪತ್ತೊಂದು ವರ್ಷ ಒಳಗಿಟ್ಟು ಕಾಪಾಡಿದ ಮಧ್ಯಾಹ್ನ ಅದನ್ನು ಕೊಟ್ಟವಳಿಗೇ ಬೇಡವಾಗಿತ್ತು. ಆದರೂ, ತಮ್ಮ ಕುರ್ಚಿಗೆ ಬಂದು ಕೂರುವಾಗ, ತಮಗೆ ಆದದ್ದು ದುಃಖವೋ ಬಿಡುಗಡೆಯೋ ಎಂದು ಗೊತ್ತಾಗದೆ ಜೇಬಿನಲ್ಲಿದ್ದ ಹಾಳೆಗಳನ್ನು ಎರಡು ಸಲ ಎಣಿಸಿದರು.

ಅವರ ಹೆಸರು ಕರೆದರು. ಎದುರಿಗೆ ನಲವತ್ತು ಜನ, ಗಂಟುಗಳ ಮೇಲಿದ್ದವರು ಬೇರೆ. ಮಾಸ್ತರರು ಕನ್ನಡಕ ಒರೆಸಿ, ಹಾಳೆ ಬಿಡಿಸಿ, ಬರೆದ ಭಾಷೆಯಲ್ಲೇ ಓದಲು ತೊಡಗಿದರು. “ಮಾನ್ಯರೇ, ಈ ಗ್ರಂಥದ ವಿಶೇಷವೇನೆಂದರೆ, ಇದರಲ್ಲಿ ಗ್ರಂಥಕರ್ತರನ್ನು ಬಿಟ್ಟು ಬೇರಾರೂ ಓದುಗರಿಗೆ ಅಡ್ಡ ಬರುವುದಿಲ್ಲ.” ಇದು ಚುಚ್ಚುಮಾತು. ಹನ್ನೊಂದು ಸಲ ತಿದ್ದಿ ಚೂಪು ಮಾಡಿದ್ದು. ಬಕ್ಕಪ್ಪ ಸಾವಕಾರರು ‘ಭಲೇ’ ಎಂಬಂತೆ ತಲೆದೂಗಿದರು, ನಾಲ್ಕು ಜನ ಚಪ್ಪಾಳೆ ತಟ್ಟಿದರು, ತುಳಜಾರಾಮ ಎದೆಗೆ ಕೈ ಒತ್ತಿ ಬಾಗಿದ. ಮಾಸ್ತರರು ಮುಂದಿನ ಚುಚ್ಚುಮಾತುಗಳನ್ನೆಲ್ಲ ಬಿಟ್ಟು ನೇರವಾಗಿ ಪುಸ್ತಕ ತೆರೆದರು. ಮೊದಲು ಪುಟವನ್ನು ಪೂರ್ತಿ ಓದಿ, ಆಮೇಲೆ ಕೆಳಗಿನಿಂದ ಆರನೆಯ ಸಾಲಿನ ಮೇಲೆ ಬೆರಳಿಟ್ಟು ಸತ್ಯ ಹೇಳಬೇಕು, ಇದು ಯೋಜನೆ. ಓದಿದರು. ಬಾಗಿಲು ತೆರೆದಿಟ್ಟು ಅದು ತಾನಾಗಿ ಮನೆಗೆ ಬರಲಿ ಎಂದು ಕೂತಳು, ಎಂಬಲ್ಲಿಗೆ ಬಂದಾಗ ಅವರು ಕನ್ನಡಕ ತೆಗೆದು ಮತ್ತೊಮ್ಮೆ ಒರೆಸಿಕೊಂಡರು. ಕೆಳಗೆ ಅಂಗಡಿಯಲ್ಲಿ ಯಾರೋ ಬಟ್ಟೆ ಹರಿದ ಸದ್ದು. ಬಂದದ್ದು ಸ್ವರವೋ ಸಂಜೆಯೋ ನಮಗೆ ತಿಳಿಯಲಿಲ್ಲ. ಮೂಲೆಯಿಂದ ಕರೀಮಾಬಾಯಿ, “ವಾಹ್!” ಎಂದಳು. ಪಕ್ಕದಲ್ಲಿದ್ದ ಬಕ್ಕಪ್ಪನವರ ತೋಳು ಹಿಡಿದು, ಎಲ್ಲರಿಗೂ ಕೇಳುವಂತೆ, “ಇದು ನಾ ಹಾಡಿದ್ದರ ಬಗ್ಗೆ ಏನ್ರಿ? ನಾನಾ?” ಎಂದು ಕೇಳಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಲ್ಲಿಗೇ ನಿಲ್ಲಿಸಿದ್ದರೆ ಅದೊಂದು ಒಳ್ಳೆಯ ಭಾಷಣವಾಗುತ್ತಿತ್ತು. ನಿಲ್ಲಿಸಬೇಕೆಂದು ಅವರಿಗೂ ಅನಿಸಿತು. ಆದರೆ ಇಪ್ಪತ್ತೆರಡು ದಿನಗಳ ಸಿದ್ಧತೆ ಅವರನ್ನು ಹಿಂದಿನಿಂದ ತಳ್ಳಿತು. “ಮುಂದೆ ಹೀಗಿದೆ,” ಎಂದು ಆ ಸಾಲು ಓದಿದರು, ‘ಪಾಪ’ವನ್ನು ಒತ್ತಿ ಓದಿದರು. ಹಾಳೆ ಕೆಳಗಿಟ್ಟರು. ಬರೆದ ಭಾಷೆ ಬಾಯಿಂದ ಬಿದ್ದುಹೋಯಿತು.

“ಇದು ಸುಳ್ಳದ. ಆ ಮಾಸ್ತರ ನಾನು. ನಾ ಮಲಗಿರಲಿಲ್ಲ. ಮಲಗಿದವರು ಇವರು!”

ಒಂದು ಕ್ಷಣ ಎಲ್ಲರೂ ತುಳಜಾರಾಮನ ಕಡೆ ನೋಡಿದರು. ಅವನು ನಗುಮುಖದಿಂದ ಸಭೆಯನ್ನೇ ನೋಡುತ್ತಿದ್ದ. ಆ ನಗು ನೋಡಿ ಮೊದಲು ಬಕ್ಕಪ್ಪನವರು ನಕ್ಕರು. ಆಮೇಲೆ ಮುಂದಿನ ಸಾಲು.

“ಇವರ ಜೊಲ್ಲು ನನ್ನ ಕೋಟಿನ ಮ್ಯಾಲ ಬಿತ್ತು. ಕಲೆ ಒಂದು ವರ್ಷ ಹೋಗಲಿಲ್ಲ.”

ಗಂಟುಗಳ ಮೇಲಿದ್ದವರೂ ನಕ್ಕರು.

“ನಾ ಚ್ಯಾಷ್ಟಿ ಮಾಡಾಕತ್ತಿಲ್ಲ!” ಎಂದು ಮಾಸ್ತರರು ಕೂಗಿದರು. ಮಾಳಿಗೆಗೆ ಮಾಳಿಗೆಯೇ ಹೊಟ್ಟೆ ಹಿಡಿದುಕೊಂಡಿತು. ಎಲ್ಲರಿಗಿಂತ ಹೆಚ್ಚು ನಕ್ಕವನು ತುಳಜಾರಾಮ. ತೊಡೆ ತಟ್ಟಿ, ಎದ್ದು ಬಂದು, ನಲವತ್ತು ಜನರ ಎದುರು ಅವರನ್ನು ಮತ್ತೆ ಬಿಗಿದಪ್ಪಿದ. ಮಾಸ್ತರರ ಜೀವನದಲ್ಲಿ ಮೊದಲ ಬಾರಿ ಅವರಿಗಾಗಿ ಎರಡು ನಿಮಿಷ ಚಪ್ಪಾಳೆ ಬಿತ್ತು. ಗಣಿತದ ಮಾಸ್ತರರು ಇಷ್ಟು ವಿನೋದದ ಮನುಷ್ಯರೆಂದು ಗೊತ್ತಿರಲಿಲ್ಲ ಎಂದು ಹಾರ ಹಾಕುವಾಗ ಬಕ್ಕಪ್ಪನವರು ಹೇಳಿದರು. ಮುಂದಿನ ತಿಂಗಳು ಚಿಟಗುಪ್ಪದಲ್ಲಿ ಒಂದು ಮದುವೆಯಿದೆ, ಅಲ್ಲಿಯೂ ಬಂದು ನಾಲ್ಕು ಮಾತಾಡಬೇಕೆಂದು ಯಾರೋ ಕೇಳಿದರು.

ಸಭೆಯ ನಂತರ ತುಳಜಾರಾಮನ ಮನೆ. ಅವನು ನಡುಮನೆಯಲ್ಲಿ ಗಾದಿಯ ಮೇಲೆ ಕೂತು ಹಾರಗಳನ್ನು ಒಂದೊಂದಾಗಿ ಮೂಸಿ ನೋಡುತ್ತಿದ್ದ. ಮಾಸ್ತರರು ಕೈತೊಳೆಯಲು ಹಿತ್ತಿಲಿಗೆ ಹೋದಾಗ ಸುಮನಬಾಯಿ ತಂಬಿಗೆ ಹಿಡಿದುಕೊಂಡು ಹಿಂದೆಯೇ ಬಂದಳು. ಸಭೆಯಲ್ಲಿ ಹೆಂಗಸರ ಸಾಲಿನಲ್ಲಿ ಅವಳೂ ಇದ್ದಳು, ಅವಳೊಬ್ಬಳೇ ನಕ್ಕಿರಲಿಲ್ಲ ಎಂಬುದು ಮಾಸ್ತರರಿಗೆ ಈಗ ನೆನಪಾಯಿತು. ನಾಚಿಕೆಯಿಂದ ತಲೆ ತಗ್ಗಿಸಿದರು.

“ವೈನಿ, ತಪ್ಪು ತಿಳ್ಕೋಬ್ಯಾಡ್ರಿ. ಜರಾ ಹೆಚ್ಚಾಗಿ ಮಾತಾಡಿಬಿಟ್ಟೆ. ಅವನಿಗಿ ಕೆಟ್ಟ ಅನಿಸಿರಬೇಕು.”

“ಅವರಿಗಿ ಏನೂ ಅನಿಸಿಲ್ಲ ಮಾಸ್ತರ. ಏನೂ ಕೇಳಿಸಿಲ್ಲ.” ಸುಮನಬಾಯಿ ನೀರು ಹುಯ್ಯುತ್ತ ದನಿ ತಗ್ಗಿಸಿದಳು, ತಗ್ಗಿಸುವ ಅಗತ್ಯವಿರಲಿಲ್ಲವಾದರೂ. “ಎರಡು ವರ್ಷ ಆತು. ಎರಡೂ ಕಿವಿ ಹೋಗ್ಯಾವ. ಸೋಲಾಪುರದಾಗ ತೋರಿಸಿದ್ವಿ, ಆಗಂಗಿಲ್ಲ ಅಂದ್ರು. ಯಾರಿಗೂ ಹೇಳಬ್ಯಾಡ ಅಂತ ಆಣೆ ಹಾಕಿಸ್ಯಾರ.”

ಮಾಸ್ತರರ ಕೈ ಹಾಗೆಯೇ ನಿಂತಿತು. ನೀರು ಮೊಣಕೈವರೆಗೆ ಹರಿಯಿತು. “ಮತ್ತ ಯಾರಿಗೂ ಗೊತ್ತಾಗಿಲ್ಲೇನ್ರಿ?”

“ಹ್ಯಾಂಗ ಗೊತ್ತಾಗ್ತದ? ಮೊದಲು ಅವರು ಯಾರ ಮಾತು ಕೇಳ್ತಿದ್ರು?” ಸುಮನಬಾಯಿ ನಕ್ಕಳು, ನಗುತ್ತಲೇ ಸೆರಗಿನ ತುದಿ ಬಾಯಿಗೆ ಒತ್ತಿದಳು. “ಪುಸ್ತಕ ಪೂರಾ ಈ ಎರಡು ವರ್ಷದಾಗ ಬರ್ದದ್ದು. ಮುಂಜಾನಿ ಕೂತ್ರ ಏಳ್ತಿರಲಿಲ್ಲ. ಅದರಾಗ ಮೊದಲು ನಿಮ್ಮ ಹೆಸರಿತ್ತು. ಪೂರಾ ಹೆಸರು, ಬಸವಕಲ್ಯಾಣ ಅಂತ ಊರು ಸಹಿತ. ಆಮ್ಯಾಲ ಹೊಡೆದು ಹಾಕಿದ್ರು. ಯಾಕ ಅಂತ ನಾ ಬರ್ದು ಕೇಳ್ದೆ. ‘ಹೆಸರು ಹಾಕಿದ್ರ ಮಂದಿ ಅವನಿಗೇ ಹೋಗಿ ಕೇಳ್ತಾರ’ ಅಂದ್ರು.”

ಒಳಗಿನಿಂದ ತುಳಜಾರಾಮ, “ವೈಜ್ಯಾ! ಎಲ್ಲಿ ಹೋದ್ಯೋ?” ಎಂದು ಕೂಗಿದ. ಅಷ್ಟು ಗಟ್ಟಿಯಾಗಿ ಕೂಗಿದ, ಕೊಟ್ಟಿಗೆಯ ಎಮ್ಮೆ ತಿರುಗಿ ನೋಡಿತು. ತಾವು ಮುಂಚೆ ಇದನ್ನು ಯಾಕೆ ಗಮನಿಸಲಿಲ್ಲ? ‘ಮುಖಪುಟ ಛಲೋ ಬಂದದ.’ ‘ಊಟ ಮನ್ಯಾಗ.’ ಒಳಗೆ ಹೋದರೆ ಅವನು ಗಾದಿಯ ಕೆಳಗಿನಿಂದ ಒಂದು ಶಾಲೆಯ ಪಾಟಿಯನ್ನು, ಒಂದು ತುಂಡು ಬಳಪವನ್ನು ತೆಗೆದು ಎದುರಿಗಿಟ್ಟುಕೊಂಡಿದ್ದ. ಹೆಂಡತಿಯ ಮುಖ ನೋಡಿದ, ಮಾಸ್ತರರ ಮುಖ ನೋಡಿದ, ವಿಷಯ ತಿಳಿದುಹೋಗಿದೆಯೆಂದು ಅವನಿಗೆ ಗೊತ್ತಾಯಿತು.

“ಹೇಳಿದ್ಳಲ್ಲ? ಛಲೋ ಆತು, ಗಂಟಲು ಉಳೀತು,” ಎಂದು ಪಾಟಿಯನ್ನು ಮಾಸ್ತರರ ಕಡೆ ತಳ್ಳಿದ. “ಈಗ ಬರಿ. ಏನಂತ ಹೇಳಿದಿ, ಮಂದಿ ಅಷ್ಟು ನಕ್ರಲ್ಲ? ನಾನೂ ನಕ್ಕೆ. ಯಾಕ ನಕ್ಕೆ ಅಂತ ಗೊತ್ತಾಗಬ್ಯಾಡೇನು?”

ಮಾಸ್ತರರು ಬಳಪ ಹಿಡಿದರು. ಸುಳ್ಳು ಬರೆಯಬಹುದಿತ್ತು, ಕಿವುಡನಾದ ಗೆಳೆಯನಿಗೆ ಒಂದು ಸುಳ್ಳು ಬರೆದುಕೊಟ್ಟರೆ ಯಾವ ದೋಷವೂ ಇರಲಿಲ್ಲ. ಆದರೆ ಕೈ ಪಾಟಿಗೆ ತಾಗಿದ್ದೇ ಅದು ಮಾಸ್ತರರ ಕೈ ಆಯಿತು, ದುಂಡಗೆ ಬರೆಯಿತು: ‘ಅವತ್ತು ನಿದ್ದೆ ಹೋದವನು ನೀನು.’

ತುಳಜಾರಾಮ ಓದಿದ. ಅಂಗೈಯಿಂದ ಒರೆಸಿದ.

“ಗೊತ್ತದ,” ಎಂದ.

ಮಾಸ್ತರರು ಬಳಪ ಮುರಿಯುವಷ್ಟು ಒತ್ತಿ ಬರೆದರು: ‘ಮತ್ತೆ ಹಾಗೆ ಯಾಕೆ ಬರೆದಿ?’

“ನಾ ಮಲಗಿದ್ದೆ ಅಂತ ಬರದ್ರ ನನ್ನ ಪುಸ್ತಕ ಯಾರೋ ಓದ್ತಾರ? ಯಾರರೆ ಒಬ್ರು ಮಲಗಲೇಬೇಕಿತ್ತು. ಮಲಗಿದ್ದು ಖರೆ ಅದ, ಅದನ್ನ ಬಿಡಾಕ ಮನಸ್ಸಾಗಲಿಲ್ಲ. ಯಾರು ಅನ್ನೂದಷ್ಟಽ ಬದಲು ಮಾಡೀನಿ.” ಇಷ್ಟು ಹೇಳಿ ಅವನು ಜಗಳದ ಗತ್ತಿನಲ್ಲಿ ಗಲ್ಲ ಎತ್ತಿದ. ಆಮೇಲೆ ಗಲ್ಲ ತಾನಾಗಿ ಇಳಿಯಿತು. “ಒಂದು ಮಾತು ಹೇಳ್ತೀನಿ ವೈಜ್ಯಾ, ನಗಬ್ಯಾಡ. ಎಂಥೆಂಥ ದೊಡ್ಡ ದೊಡ್ಡವರದು ಕೇಳೀನಿ, ಎದ್ದು ಕೂತು ಕೇಳೀನಿ, ಒಂದೂ ಈಗ ಬರೂದಿಲ್ಲ. ತಲ್ಯಾಗ ಬರೀ ಗೊಂಯ್ ಅಂತದ. ಆದ್ರ ಆ ಮುಲ್ತಾನಿ, ನೀ ದಾರ್‍ಯಾಗ ಹೇಳಿದ್ದು, ನಾ ಅದನ್ನ ಎಷ್ಟು ಸಲ ತಿದ್ದಿ ತಿದ್ದಿ ಬರದೀನಂದ್ರ, ಈಗ ಅದು ಕೇಳಸ್ತದ. ಖರೇನ ಕೇಳಸ್ತದ. ಅದೊಂದಽ.”

ಸುಮನಬಾಯಿ ಚಹಾ ತಂದಿಟ್ಟು, ನಿಂತಲ್ಲೇ ನಿಂತಳು. ಮಾಸ್ತರರಿಗೆ ಕನಿಕರ ಬರಬೇಕಿತ್ತು, ಬಂತು ಕೂಡ; ಆದರೆ ಅದರ ಬೆನ್ನಿಗೇ, ನನ್ನದನ್ನು ಕದ್ದದ್ದಲ್ಲದೆ ಈಗ ಒಳಗೊಳಗೇ ಕೂತು ಕೇಳುತ್ತಲೂ ಇದ್ದಾನಲ್ಲ, ನನಗಾದರೂ ಅದು ಅಷ್ಟು ಸ್ಪಷ್ಟವಾಗಿ ಕೇಳಿ ಎಷ್ಟು ವರ್ಷವಾಯಿತು ಎಂಬ ಹೊಟ್ಟೆಕಿಚ್ಚೂ ಬಂತು. ಕಿವುಡನ ಮೇಲೆ ಹೊಟ್ಟೆಕಿಚ್ಚು! ಅವರಿಗೆ ತಮ್ಮ ಬಗ್ಗೆಯೇ ಅಸಹ್ಯವಾಯಿತು, ಚಹಾ ಬಿಸಿಯಾಗಿತ್ತು, ನಾಲಿಗೆ ಸುಟ್ಟಿತು.

ತುಳಜಾರಾಮ ಮುಂದಕ್ಕೆ ಬಗ್ಗಿದ. ಅವನ ಮುಖದಲ್ಲಿ ಮಾಸ್ತರರು ಎಂದೂ ಕಾಣದ ಒಂದು ಅಂಜಿಕೆಯಿತ್ತು, ಪರೀಕ್ಷೆಯ ಉತ್ತರ ಪತ್ರಿಕೆ ಕೊಟ್ಟು ನಿಂತ ಹುಡುಗರಲ್ಲಿ ಕಾಣುವಂಥದ್ದು.

“ಒಂದು ಕೇಳಬೇಕಿತ್ತು, ಪುಸ್ತಕ ಬರಿಯುವಾಗ ಕೇಳಾಕ ನಾಚಿಕಿ ಆತು. ಇಳದು ಬರುವಾಗ ಆಕಿ ರಿಷಭಕ್ಕ ಬಂದಳಲ್ಲ. ನಿಂತು ಬಂದಳೋ, ನೇರ ಜಾರಿ ಬಂದಳೋ? ಅದನ್ನ ನೀ ಹೇಳಿದ್ಯೋ ಇಲ್ಲೋ ನೆನಪಿಲ್ಲ. ನಾ ‘ಬಾಗಿಲಲ್ಲಿ ಒಂದು ಗಳಿಗೆ ನಿಂತು ಒಳಗೆ ಬಂತು’ ಅಂತ ಅಂದಾಜಿನ ಮ್ಯಾಲ ಬರದೀನಿ. ಖರೇ ಹ್ಯಾಂಗಿತ್ತು?”

ಮಾಸ್ತರರು ಕಣ್ಣು ಮುಚ್ಚಿದರು. ಇದೊಂದಕ್ಕೆ ಉತ್ತರ ಇಡೀ ಲೋಕದಲ್ಲಿ ಅವರೊಬ್ಬರಲ್ಲಿಯೇ ಇರಲು ಸಾಧ್ಯ. ಜಮಖಾನೆ ಬಂತು, ಹಸಿರು ಸೀರೆ ಬಂತು, ಹೆಗಲ ಮೇಲಿನ ಭಾರ ಬಂತು. ಕರೀಮಾಬಾಯಿ ಬಾಯಿ ತೆರೆದಳು. ಅವರು ಕಾದರು. ಬಂದದ್ದು ದನ, ದನಿಯಲ್ಲ, ಸಂಜೆ ರಸ್ತೆಗೆ ಅಡ್ಡ ಬಂದ ಯಾರದೋ ದನಗಳ ಹಿಂಡು. ಮತ್ತೆ ಕಾದರು. ಆಗ ಸ್ಪಷ್ಟವಾಗಿ, ಕಪ್ಪು ಅಕ್ಷರಗಳಲ್ಲಿ, ಒಳ್ಳೆಯ ಕಾಗದದ ಮೇಲೆ ಬಂತು: ‘ಬಾಗಿಲಲ್ಲಿ ಒಂದು ಗಳಿಗೆ ನಿಂತು ಒಳಗೆ ಬಂತು.’ ಅದನ್ನು ಆಚೆ ಸರಿಸಿ ಅದರ ಹಿಂದೆ ನೋಡಲು ಯತ್ನಿಸಿದರು. ಹಿಂದೆ ನೂರಾ ಎಂಬತ್ತೆಂಟನೆಯ ಪುಟವಿತ್ತು.

ಕಣ್ಣು ತೆರೆದಾಗ ತುಳಜಾರಾಮ ಇನ್ನೂ ಹಾಗೆಯೇ ಬಗ್ಗಿ ಕೂತಿದ್ದ. ಮಾಸ್ತರರು ಪಾಟಿ ಎಳೆದುಕೊಂಡು ನಿಧಾನವಾಗಿ ಬರೆದರು: ‘ನೀ ಬರೆದ ಹಾಗೆಯೇ.’

ಅವನು ಓದಿದ. ಮುಖ ಅರಳಿತು, ಅರಳಿದ ಕೂಡಲೇ ಹಳೆಯ ಗತ್ತು ವಾಪಸು ಬಂತು, ರುಮಾಲು ಸರಿಮಾಡಿಕೊಂಡ.

“ನಾ ಅಂದಿದ್ನಲ್ಲ!” ಎಂದು ಹೆಂಡತಿಯ ಕಡೆ ತಿರುಗಿ, ಓಣಿಗೆಲ್ಲ ಕೇಳುವಂತೆ ಹೇಳಿದ, “ಮಲಗಿದ್ರೇನಾತು, ನನ್ನ ಕಿವಿ ಅಂದ್ರ ಕಿವಿ!”

ಸುಮನಬಾಯಿ ಮಾಸ್ತರರ ಮುಖ ನೋಡಿದಳು. ಅವರು ತಟ್ಟೆಗೆ ಚಹಾ ಬಗ್ಗಿಸಿಕೊಂಡು, ಆರಲೆಂದು ಊದುತ್ತ ಕೂತರು.